ಹೀಮ್ ಬೆನ್ನುಹತ್ತಿದ ಪದ್ಮನಾಭನ್

ಮಲೇರಿಯಾ ತರುವ ಪ್ಲಾಸ್ಮೋಡಿಯಂ ನಮ್ಮ ಕೆಂಪು ರಕ್ತಕಣದೊಳಗೆ ನುಗ್ಗಿ ಅಲ್ಲಿರುವ ಹಿಮೋಗ್ಲೋಬಿನ್ನನ್ನೇ ತಿಂದು ಬೆಳೆಯುತ್ತದೆ. ಪ್ರೋಟೀನು ಜೀರ್ಣವಾದ ಮೇಲೆ ಉಳಿಯುವುದು ಹೀಮ್. ನಡುವೆ ಕಬ್ಬಿಣವಿರುವ, ರಕ್ತಕ್ಕೆ ಕೆಂಪು ಕೊಡುವ ಅಣು ಅದು. ಬಿಡಿಯಾಗಿ ಉಳಿದರೆ ಪರೋಪಜೀವಿಗೇ ವಿಷ. ಹಾಗಾಗಿ ಅದನ್ನು ಹರಳುಗಟ್ಟಿಸಿ ಒಂದು ಮೂಲೆಗೆ ತಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಪ್ಪು-ಕಂದು ಚುಕ್ಕೆ ಈ ಹರಳುಗಳದ್ದೇ. ಕ್ಲೋರೋಕ್ವಿನ್ ಮಾತ್ರೆ ತಡೆಯುವುದು ಇದೇ ಹರಳುಗಟ್ಟುವಿಕೆಯನ್ನು.

ಬೇಡವೆಂದರೂ ಇಷ್ಟು ಹೀಮ್ ಸಿಗುವಾಗ ಈ ಜೀವಿ ತನ್ನದೇ ಹೀಮನ್ನೂ ತಯಾರಿಸುತ್ತದೆಂದು 1992ರಲ್ಲಿ ತೋರಿಸಿದವರು ವಿಜ್ಞಾನಿಗಳಾದ ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ. ತುಂಬಿದ ಕಣಜದಲ್ಲಿ ಕೂತವನು ಬೇರೆ ಭತ್ತ ಬಿತ್ತಿದಂತೆ! ಆ ತಯಾರಿಯ ಒಂದು ಕಿಣ್ವವನ್ನು ಕಟ್ಟಿಹಾಕುವ ರಾಸಾಯನಿಕ ಬೆರೆಸಿದಾಗ ಪ್ರಯೋಗಾಲಯದಲ್ಲಿ ಬೆಳೆಸಿದ್ದ ಪರೋಪಜೀವಿ ಸತ್ತಿತು. ಔಷಧಕ್ಕೆ ಹೊಸ ಗುರಿ ಸಿಕ್ಕಿತೆಂದೇ ಅವರು ಬರೆದರು.

ಪದ್ಮನಾಭನ್ ಮಲೇರಿಯಾಕ್ಕೆ ಬಂದದ್ದು ಸುತ್ತುದಾರಿಯಲ್ಲಿ. 1938ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಶಾಲೆ ಓದಿ, ಎಂಜಿನಿಯರಿಂಗ್ ಸೇರಿ ರುಚಿಸದೆ ಬಿಟ್ಟು, ಮದ್ರಾಸಿನಲ್ಲಿ ರಸಾಯನಶಾಸ್ತ್ರ, ದೆಹಲಿಯಲ್ಲಿ ಮಣ್ಣಿನ ರಸಾಯನಶಾಸ್ತ್ರ ಕಲಿತರು. ಮಲ್ಲೇಶ್ವರದ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದು ಅಲ್ಲೇ ನೆಲೆನಿಂತರು. ಯಕೃತ್ತಿನ ಜೀನ್‌ಗಳನ್ನು ಹೀಮ್ ಹೇಗೆ ನಿಯಂತ್ರಿಸುತ್ತದೆ ಎಂಬುದು ಅವರ ಮೊದಲ ಕೆಲಸ. 1994ರಿಂದ 1998ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಪತ್ರಿಕೆಗಳು ಹೆಚ್ಚು ಬರೆದದ್ದು ಅವರ ಅರಿಶಿನದ ಕೆಲಸದ ಬಗ್ಗೆ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಬಗೆಯ ಔಷಧ ಬೇಗ ಕೆಲಸ ಮಾಡುತ್ತದೆ, ಆದರೆ ಅಷ್ಟೇ ಬೇಗ ದೇಹದಿಂದ ಇಳಿದುಹೋಗುತ್ತದೆ. ಅಳಿದುಳಿದ ಪರೋಪಜೀವಿಗಳು ಮತ್ತೆ ತಲೆಯೆತ್ತುತ್ತವೆ. ಅದೇ ಬಗೆಯ ಆರ್ಟಿಈಥರ್‌ನ ಒಂದೇ ಇಂಜೆಕ್ಷನ್ ಜೊತೆಗೆ ಅರಿಶಿನದಲ್ಲಿರುವ ಕರ್ಕ್ಯುಮಿನ್ನನ್ನು ಮೂರು ಬಾರಿ ಕುಡಿಸಿದಾಗ ಸೋಂಕಿತ ಇಲಿಗಳು ಬಹುತೇಕ ಎಲ್ಲವೂ ಬದುಕುಳಿದವೆಂದು ಅವರ ತಂಡ 2006ರಲ್ಲಿ ಪ್ರಕಟಿಸಿತು. ಇದು ಇಲಿಗಳ ಮಾತು. ಬೇರ್ಪಡಿಸಿದ ಕರ್ಕ್ಯುಮಿನ್ನಿನ ಮಾತು. ಜ್ವರ ಬಂದಾಗ ಅರಿಶಿನದ ಹಾಲು ಕುಡಿದು ರಕ್ತಪರೀಕ್ಷೆ ಮುಂದೂಡಿದರೆ ಜೀವಕ್ಕೇ ಕುತ್ತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು 2013ರ ಕೆಲಸ. ಅಷ್ಟು ಹೊತ್ತಿಗೆ ಪರೋಪಜೀವಿಯ ಜೀನನ್ನೇ ತೆಗೆದುಹಾಕುವ ತಂತ್ರ ಕೈಗೆ ಬಂದಿತ್ತು. ವಿಶ್ವನಾಥನ್ ಅರುಣ್ ನಾಗರಾಜ್ ಮತ್ತು ಸಂಗಡಿಗರು, ಪದ್ಮನಾಭನ್ ಜೊತೆಗೆ, ಇಲಿಗಳ ಮಲೇರಿಯಾ ಪರೋಪಜೀವಿಯಲ್ಲಿ ಹೀಮ್ ತಯಾರಿಯ ಜೀನ್‌ಗಳನ್ನು ಅಳಿಸಿದರು. 1992ರ ಗುರಿ ಸರಿಯಿದ್ದರೆ ಅದು ರಕ್ತದಲ್ಲಿ ಸಾಯಬೇಕಿತ್ತು. ಸಾಯಲಿಲ್ಲ, ಚೆನ್ನಾಗಿಯೇ ಬೆಳೆಯಿತು. ಸ್ವಂತ ಹೀಮ್ ಇಲ್ಲದಿದ್ದರೆ ಹಿಮೋಗ್ಲೋಬಿನ್ನಿನ ಹೀಮಿನಲ್ಲೇ ಕೆಲಸ ನಡೆಸಿಕೊಂಡಿತು. ಆದರೆ ಸೊಳ್ಳೆಯ ಹೊಟ್ಟೆ ಸೇರಿದ ಮೇಲೆ ಕಥೆ ಬೇರೆ. ಮುಂದಿನ ಕಡಿತದಲ್ಲಿ ರೋಗ ದಾಟಿಸುವ ಸ್ಪೋರೋಜೋಯಿಟ್ ರೂಪಕ್ಕೆ ಬರಲು ಅದಕ್ಕೆ ಆಗಲಿಲ್ಲ. ಹೀಮಿಗೆ ಬೇಕಾದ ಕಚ್ಚಾವಸ್ತುವನ್ನು ಸೊಳ್ಳೆಗೆ ಉಣಿಸಿದಾಗ ಮತ್ತೆ ಆಯಿತು. ನಮ್ಮೊಳಗೆ ಅದು ಮೊದಲು ಬೀಡುಬಿಡುವ ಯಕೃತ್ತಿನಲ್ಲೂ ಸ್ವಂತ ಹೀಮ್ ಬೇಕೇ ಬೇಕು.

ಪದ್ಮನಾಭನ್ ಎರಡು ದಶಕದ ಹಿಂದೆ ತೋರಿಸಿದ ಗುರಿ ರಕ್ತದ ಮಟ್ಟಿಗೆ ಅನಿವಾರ್ಯವಲ್ಲವೆಂದು ಅವರದೇ ತಂಡ ಹೇಳಿತು. ಹಾಗೆ ಹೇಳುತ್ತಲೇ, ರೋಗ ಹರಡುವುದನ್ನು ಸೊಳ್ಳೆಯಲ್ಲಿ ಮತ್ತು ಯಕೃತ್ತಿನಲ್ಲಿ ತಡೆಯುವ ದಾರಿಯನ್ನೂ ತೋರಿಸಿತು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಪರೋಪಜೀವಿ ತಯಾರಿಸುವ ಹೀಮ್ ಮಿದುಳಿಗೇರುವ ಮಲೇರಿಯಾವನ್ನು ಉಲ್ಬಣಗೊಳಿಸುತ್ತದೆಂದು ನಾಗರಾಜ್, ಪದ್ಮನಾಭನ್ ಮತ್ತಿತರರು 2022ರಲ್ಲಿ ವರದಿ ಮಾಡಿದರು. ಆ ಹೀಮನ್ನು ತಡೆದು ಇಲಿಗಳನ್ನು ಕಾಪಾಡಿದ್ದು ಗ್ರಿಸಿಯೋಫಲ್ವಿನ್. ಹುಳುಕಡ್ಡಿಗೆ ಚರ್ಮದ ಡಾಕ್ಟರು ದಶಕಗಳಿಂದ ಬರೆದುಕೊಡುವ ಹಳೇ ಮಾತ್ರೆ. ಮಾಮೂಲಿ ಮಲೇರಿಯಾ ಔಷಧದ ಜೊತೆಗೆ ಇದನ್ನು ರೋಗಿಗಳಿಗೆ ಕೊಟ್ಟು ನೋಡುವುದು ಈಗ ಆಗಬೇಕಾದ ಕೆಲಸ.