ಸದ್ದು ಮಾಡುವ ಕಂಪ್ಯೂಟರ್‌ಗೆ ಮೊದಲು ಕಿವಿಗೊಡಿ

ಮನೆಯ ಡೆಸ್ಕ್‌ಟಾಪ್ ಗುಂಯ್‌ಗುಡತೊಡಗಿದರೆ ಹೊಸ ಫ್ಯಾನ್ ತರುವ ಆತುರ ಬೇಡ; ಸದ್ದಿನ ಬಗೆಯೇ ಅರ್ಧ ಉತ್ತರ ಹೇಳುತ್ತದೆ. ಕೆಲಸ ಹೆಚ್ಚಿದಂತೆ ಏರಿ, ಬಿಡುವಾದಾಗ ಇಳಿಯುವ ಭೋರೆಂಬ ಸದ್ದಿಗೆ ಬಹುಮಟ್ಟಿಗೆ ಬಿಸಿಯೇ ಕಾರಣ. ಪ್ರೊಸೆಸರ್ ಮೇಲಿನ ಲೋಹದ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಕೂತರೆ ಗಾಳಿ ಹಾಯುವುದಿಲ್ಲ. ತಾಪ ಏರಿದಂತೆ ಮದರ್‌ಬೋರ್ಡ್ ಫ್ಯಾನಿನ ವೇಗ ಹೆಚ್ಚಿಸುತ್ತದೆ. ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ಇಲ್ಲಿ ತಪ್ಪು ಫ್ಯಾನಿನದಲ್ಲ. ಉಸಿರುಗಟ್ಟಿದ ಪೆಟ್ಟಿಗೆಯನ್ನು ಉಳಿಸಲು ಅದು ಹೆಣಗುತ್ತಿದೆ. ಸೆಟ್ಟಿಂಗ್‌ನಲ್ಲಿ ವೇಗ ಇಳಿಸಿದರೆ ಸಾಲದೇ ಎನ್ನಬಹುದು. ಧೂಳು ಹಾಗೇ ಇದ್ದರೆ ಬಿಸಿಯೂ ಒಳಗೇ ಉಳಿಯುತ್ತದೆ, ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರ್ ನಿಧಾನವಾಗುತ್ತದೆ. ಪೆಟ್ಟಿಗೆ ಬಿಚ್ಚುವುದು ಅಪಾಯವೆಂಬ ಅಂಜಿಕೆಯಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಪ್ಲಗ್ ಕಿತ್ತು, ರೆಕ್ಕೆಗಳನ್ನು ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುವುದು ಯಾರಿಗೂ ಸಾಧ್ಯ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು.

ಧೂಳು ತೆಗೆದ ಮೇಲೂ ಕರಕರ ಎನ್ನುತ್ತಿದ್ದರೆ ಬೇರಿಂಗ್ ಸವೆದಿರಬಹುದು. ಫ್ಯಾನ್ ಬದಲಿಸುವ ಹೊತ್ತು ಅದು. ಪೆಟ್ಟಿಗೆಯ ಮೇಲೆ ಅಂಗೈ ಒತ್ತಿದಾಗ ಸದ್ದು ನಿಂತರೆ ಸಡಿಲ ಸ್ಕ್ರೂ ಬಿಗಿ ಮಾಡಿದರೆ ಸಾಕು. ಇವೆಲ್ಲ ನಾಳೆಗೂ ಕಾಯಬಲ್ಲವು. ಕಾಯದ ಸದ್ದು ಒಂದೇ: ಹಾರ್ಡ್ ಡಿಸ್ಕ್‌ನ ಟಕ್ ಟಕ್. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮೊನೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂಬುದರ ಸೂಚನೆ ಅದು. ಆಗ ಬ್ರಷ್ ಕೆಳಗಿಡಿ; ಮಕ್ಕಳ ಫೋಟೊ, ಮನೆಯ ಕಾಗದಪತ್ರಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿ.