ಕೀಫ್ರೇಮ್ ಕೈಗೆ ಹತ್ತಿದರೆ ಎಡಿಟಿಂಗ್ ಅರ್ಧ ಬಂದಂತೆ

ಈಗ ಮೊಬೈಲ್ ಇರುವವರೆಲ್ಲ ಎಡಿಟರ್‌ಗಳೇ. ಟೆಂಪ್ಲೇಟ್ ಆರಿಸಿ, ಫೋಟೊ ಹಾಕಿ, ಹಾಡು ಸೇರಿಸಿದರೆ ಎರಡು ನಿಮಿಷದಲ್ಲಿ ರೀಲ್ ರೆಡಿ. ಆದರೆ ‘ಹೆಸರು ಸ್ವಲ್ಪ ನಿಧಾನವಾಗಿ ಬರಲಿ’, ‘ಮಾತು ಶುರುವಾದಾಗ ಹಾಡಿನ ಸದ್ದು ತಗ್ಗಲಿ’ ಎಂದು ಯಾರಾದರೂ ಕೇಳಿದರೆ ಟೆಂಪ್ಲೇಟ್ ಕೈಕೊಡುತ್ತದೆ. ಅಲ್ಲಿಂದ ಮುಂದಕ್ಕೆ ಬೇಕಾಗುವುದೇ ಕೀಫ್ರೇಮ್.

ನಾನು ಬಿಇ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ರಜೆಯಲ್ಲಿ ನಮ್ಮೂರಿನ ಫೋಟೊ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಮೆಸ್ ಬಿಲ್‌ಗೆ ಒಂದಿಷ್ಟು ಆಗುತ್ತದೆ. ‘ಎಂಜಿನಿಯರಿಂಗ್ ಓದೋನಿಗೆ ಇದೆಲ್ಲ ಯಾಕೋ?’ ಎಂದು ಅಪ್ಪ ಕೇಳುತ್ತಲೇ ಇರುತ್ತಾರೆ. ಓದಿಗೂ ಇದಕ್ಕೂ ನಂಟಿದೆ ಎಂದು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಏನಿದು ಕೀಫ್ರೇಮ್?

ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳು. ಸೆಕೆಂಡಿಗೆ 25 ಫ್ರೇಮ್ ಎಂದಿಟ್ಟುಕೊಳ್ಳಿ. ಒಂದು ಹೆಸರು ಪರದೆಯ ಎಡದಿಂದ ಬಲಕ್ಕೆ 4 ಸೆಕೆಂಡಿನಲ್ಲಿ ಸರಿಯಬೇಕಾದರೆ 100 ಫ್ರೇಮ್ ಬೇಕು. ನಾವು ಹೇಳುವುದು ಎರಡೇ ಮಾತು: ಮೊದಲ ಫ್ರೇಮಿನಲ್ಲಿ ಎಲ್ಲಿರಬೇಕು, ಕೊನೆಯ ಫ್ರೇಮಿನಲ್ಲಿ ಎಲ್ಲಿರಬೇಕು. ನಡುವಿನ 98 ಫ್ರೇಮ್‌ಗಳನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿಕೊಳ್ಳುತ್ತದೆ. ನಾವು ಹೇಳಿದ ಆ ಎರಡು ಬಿಂದುಗಳೇ ಕೀಫ್ರೇಮ್.

ಕಾರ್ಟೂನ್ ಸ್ಟುಡಿಯೊಗಳಲ್ಲಿ ಮುಖ್ಯ ಕಲಾವಿದ ಪ್ರಮುಖ ಭಂಗಿಗಳನ್ನು ಬರೆದುಕೊಟ್ಟರೆ, ನಡುವಿನ ಚಿತ್ರಗಳನ್ನು ಸಹಾಯಕರು ಬರೆಯುತ್ತಿದ್ದರು. ಆ ಕೆಲಸವನ್ನು ಕಂಪ್ಯೂಟರ್‌ಗೆ ಕಲಿಸಿದವರಲ್ಲಿ ಕೆನಡಾದ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್ ಪ್ರಮುಖರು. ಅವರ ತಂತ್ರ ಬಳಸಿ ಪೀಟರ್ ಫೋಲ್ಡ್ಸ್ 1974ರಲ್ಲಿ ತಯಾರಿಸಿದ ‘ಹಂಗರ್’ ಕಿರುಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು.

ನಡುವಿನದನ್ನು ಲೆಕ್ಕ ಹಾಕುವ ಈ ಕೆಲಸಕ್ಕೆ ಗಣಿತದಲ್ಲಿ ಇಂಟರ್‌ಪೊಲೇಷನ್ ಎನ್ನುತ್ತಾರೆ. ಹೌದು, ನ್ಯೂಟನ್, ಲಾಗ್ರಾಂಜ್ ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ನಾವೆಲ್ಲ ಮರೆಯುವ ಅದೇ ಅಧ್ಯಾಯ!

ದುಡ್ಡು ಕೊಡದೆಯೂ ಕಲಿಯಬಹುದು

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಅಥವಾ ಕೆಡೆನ್‌ಲೈವ್ ಇದ್ದರೆ ಸಾಕು. ರಿಸಾಲ್ವ್‌ನಲ್ಲಿ ಕ್ಲಿಪ್ ಆರಿಸಿ ಇನ್‌ಸ್ಪೆಕ್ಟರ್ ತೆರೆದರೆ ಝೂಮ್, ಪೊಸಿಷನ್‌ಗಳ ಪಕ್ಕದಲ್ಲಿ ವಜ್ರದಾಕಾರದ ಪುಟ್ಟ ಗುರುತು ಕಾಣುತ್ತದೆ. ಅದನ್ನು ಒತ್ತಿದರೆ ಮೊದಲ ಕೀಫ್ರೇಮ್ ಕೂರುತ್ತದೆ. ಪ್ಲೇಹೆಡ್ ಮುಂದಕ್ಕೆ ಸರಿಸಿ ಬೆಲೆ ಬದಲಿಸಿದರೆ ಎರಡನೆಯದು ತಾನೇ ಬರುತ್ತದೆ. ಪ್ರೀಮಿಯರ್ ಪ್ರೊದಲ್ಲಿ ವಜ್ರದ ಬದಲು ಸ್ಟಾಪ್‌ವಾಚ್ ಒತ್ತಿ ಶುರು ಮಾಡಬೇಕು. ಗುರುತು ಬೇರೆಯಾದರೂ ತತ್ವ ಒಂದೇ.

ಸದ್ದಿಗೂ ಕೀಫ್ರೇಮ್ ಇದೆ. ಮಾತು ಬಂದಾಗ ಹಾಡು ತಗ್ಗಬೇಕಾದರೆ ನಾಲ್ಕು ಬೇಕು: ಮಾತಿಗೆ ಅರ್ಧ ಸೆಕೆಂಡ್ ಮುಂಚೆ ಪೂರ್ತಿ ಸದ್ದು, ಮಾತು ಶುರುವಾದಲ್ಲಿ ತಗ್ಗಿದ ಸದ್ದು, ಮುಗಿದಲ್ಲಿ ಅದೇ ತಗ್ಗಿದ ಸದ್ದು, ಅರ್ಧ ಸೆಕೆಂಡ್ ಬಿಟ್ಟು ಮತ್ತೆ ಪೂರ್ತಿ. ತಗ್ಗಿದಲ್ಲಿ ಒಂದೇ ಕೀಫ್ರೇಮ್ ಇಟ್ಟರೆ ಸದ್ದು ಅಲ್ಲಿ ನಿಲ್ಲುವುದಿಲ್ಲ, ಮಾತಿನ ಉದ್ದಕ್ಕೂ ಏರುತ್ತಾ ಹೋಗುತ್ತದೆ. ಬದಲಾವಣೆ ಬೇಡದ ಜಾಗವನ್ನೂ ಸಾಫ್ಟ್‌ವೇರ್‌ಗೆ ಹೇಳಬೇಕು.

ಬಸ್ ಹೊರಡುವ ರೀತಿ

ಬಸ್‌ಸ್ಟ್ಯಾಂಡ್‌ನಿಂದ ಹೊರಟ ಕೆಂಪು ಬಸ್ಸು ಮೊದಲ ಕ್ಷಣದಲ್ಲೇ 60ರ ವೇಗದಲ್ಲಿ ಓಡುವುದಿಲ್ಲ. ಮೆಲ್ಲಗೆ ಹೊರಟು, ವೇಗ ಹಿಡಿದು, ಮುಂದಿನ ಸ್ಟಾಪ್ ಹತ್ತಿರವಾದಂತೆ ನಿಧಾನವಾಗುತ್ತದೆ. ಬರೀ ‘ಲೀನಿಯರ್’ ಕೀಫ್ರೇಮ್ ಇಟ್ಟರೆ ಅಕ್ಷರ, ಫೋಟೊಗಳು ಗಕ್ಕನೆ ಹೊರಟು ಗಕ್ಕನೆ ನಿಲ್ಲುತ್ತವೆ. ‘ಈಸ್ ಇನ್’, ‘ಈಸ್ ಔಟ್’ ಅಥವಾ ‘ಸ್ಮೂತ್’ ಎಂಬ ಆಯ್ಕೆ ಕೊಟ್ಟರೆ ಚಲನೆ ಬಸ್ಸಿನಂತಾಗುತ್ತದೆ. ಹಲವು ಸಾಫ್ಟ್‌ವೇರ್‌ಗಳಲ್ಲಿ ಇದರ ಹಿಂದಿರುವುದು ಬೆಜಿಯರ್ ಕರ್ವ್. ರೆನೊ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯರ್ ಕಾರಿನ ಮೈಮಾಟ ವಿನ್ಯಾಸಕ್ಕೆ ಬಳಸಿದ ರೇಖೆಯಿದು.

ಕಡಿಮೆ ಇಟ್ಟಷ್ಟೂ ಒಳ್ಳೆಯದು

ಕಳೆದ ರಜೆಯಲ್ಲಿ ಒಂದು ಮದುವೆ ವಿಡಿಯೊ ನನ್ನ ಪಾಲಿಗೆ ಬಂತು. ಹುಡುಗಿಗೆ ತಂದೆ ಇಲ್ಲ. ಧಾರೆ ಎರೆದುಕೊಟ್ಟವರು ದೊಡ್ಡಪ್ಪ. ‘ಧಾರೆಗೆ ಮುಂಚೆ ನಮ್ಮ ಯಜಮಾನ್ರ ಫೋಟೊ ಒಂದು ಬರ್ಲಿ’ ಎಂದು ತಾಯಿ ಕೇಳಿದ್ದರು. ಟೆಂಪ್ಲೇಟ್‌ಗಳಲ್ಲಿ ಫೋಟೊ ಗಿರಗಿರ ತಿರುಗಿ, ಮಿಂಚು ಚೆಲ್ಲಿ ಬರುತ್ತಿತ್ತು. ಅಲ್ಲಿ ಅದು ಬೇಡವಾಗಿತ್ತು. ಎರಡೇ ಕೀಫ್ರೇಮ್ ಇಟ್ಟೆ. 8 ಸೆಕೆಂಡಿನಲ್ಲಿ ಫೋಟೊ ಶೇ 100ರಿಂದ 108ಕ್ಕೆ, ಅಂದರೆ ಗೊತ್ತೇ ಆಗದಷ್ಟು ಮೆಲ್ಲಗೆ ಹತ್ತಿರ ಬರುತ್ತದೆ. ವಾಲಗದ ಸದ್ದು ನಾಲ್ಕು ಕೀಫ್ರೇಮ್‌ಗಳಲ್ಲಿ ತಗ್ಗಿ ಮತ್ತೆ ಏರುತ್ತದೆ. ಅಷ್ಟೇ.

ವಿಡಿಯೊ ನೋಡಲು ಬಂದ ಆ ತಾಯಿ ಬೇರೆ ಎಲ್ಲೂ ನಿಲ್ಲಿಸಲು ಹೇಳಲಿಲ್ಲ. ಅಲ್ಲಿ ಮಾತ್ರ, ‘ಇನ್ನೊಂದ್ಸಲ ಹಾಕಪ್ಪ’ ಎಂದರು.

ಇಂಥ ಫೋಟೊ ತರಿಸುವಾಗ ಒಂದು ಎಚ್ಚರ ಬೇಕು. ನಮ್ಮ ಟೈಮ್‌ಲೈನ್ ಅಗಲ 1920 ಪಿಕ್ಸೆಲ್. 4000 ಪಿಕ್ಸೆಲ್ ಅಗಲದ ಫೋಟೊ ಇದ್ದರೆ ಎರಡು ಪಟ್ಟು ಝೂಮ್ ಮಾಡಿದರೂ ಸ್ಪಷ್ಟವಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೊ ಹಿಗ್ಗಿಸಿದರೆ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಕೆಲಸ ಹುಡುಕುವವರಿಗೆ

ರೆಸ್ಯೂಮೆಯಲ್ಲಿ ‘ವಿಡಿಯೊ ಎಡಿಟಿಂಗ್ ಬರುತ್ತದೆ’ ಎಂದು ಯಾರು ಬೇಕಾದರೂ ಬರೆಯಬಹುದು. ನಮ್ಮ ಸ್ಟುಡಿಯೊ ಅಣ್ಣ ಕೆಲಸ ಕೇಳಿ ಬಂದವರ ಸರ್ಟಿಫಿಕೇಟ್ ನೋಡುವುದಿಲ್ಲ. ಒಂದು ಫೋಟೊ ಕೊಟ್ಟು, ‘ಹತ್ತು ಸೆಕೆಂಡ್ ಇದನ್ನ ನೋಡೋ ಹಾಗೆ ಮಾಡು’ ಎನ್ನುತ್ತಾರೆ. ಹೆಚ್ಚಿನವರು ಕೀಫ್ರೇಮ್ ಮೇಲೆ ಕೀಫ್ರೇಮ್ ಸುರಿಯುತ್ತಾರೆ. ಕೆಲಸ ಸಿಗುವುದು ಎಲ್ಲಿ ಶುರು, ಎಲ್ಲಿ ನಿಲ್ಲಬೇಕು ಎಂದು ಯೋಚಿಸಿ ಇಟ್ಟವರಿಗೆ. ನಡುವಿನ ಲೆಕ್ಕ ಯಂತ್ರ ಮಾಡುತ್ತದೆ, ಆ ಎರಡು ಬಿಂದು ಆರಿಸುವ ಕೆಲಸ ನಮ್ಮದೇ. ಹಾಗಾಗಿ ಸಂದರ್ಶನಕ್ಕೆ ಹೋಗುವಾಗ ನೀವೇ ಮಾಡಿದ 30 ಸೆಕೆಂಡಿನ ಒಂದು ಸ್ಯಾಂಪಲ್ ಪೆನ್‌ಡ್ರೈವ್‌ನಲ್ಲಿರಲಿ.

ಇವತ್ತೇ ಶುರು ಮಾಡಬಹುದು. ಮನೆಯ ಆಲ್ಬಮ್‌ನಿಂದ ಒಂದು ಫೋಟೊ ಆರಿಸಿ. ಅದಕ್ಕೆ ಎರಡು ಕೀಫ್ರೇಮ್ ಇಟ್ಟು ಒಮ್ಮೆ ಲೀನಿಯರ್, ಒಮ್ಮೆ ಈಸ್ ಹಾಕಿ. ಎರಡನ್ನೂ ಮನೆಯವರಿಗೆ ತೋರಿಸಿ ಯಾವುದು ಚೆನ್ನಾಗಿದೆ ಎಂದು ಕೇಳಿ.