ಅಟ್ಟದ ಮೇಲಿನ ಗುಂಡು ಯಾರದು?

ಮೂವತ್ತೆರಡು ಸೆಂಟಿಮೀಟರ್ ದಾರ! ಇನ್ನೂರು ಮುನ್ನೂರು ವರ್ಷ ಹಿಂದಿನ ಯುದ್ಧಭೂಮಿಯ ಬಾಗಿಲು ತೆರೆಯಲು ಒಮ್ಮೊಮ್ಮೆ ಇಷ್ಟೇ ಸಾಕು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆಯ ಹಳೇ ಮನೆಯ ಅಟ್ಟದಲ್ಲೋ ಹಿತ್ತಲಿನ ಮೂಲೆಯಲ್ಲೋ ತುಕ್ಕು ಹಿಡಿದ ಕಬ್ಬಿಣದ ಗುಂಡೊಂದು ಇದ್ದರೆ, ಅದರ ಬಗ್ಗೆ ಮನೆಯವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಟಿಪ್ಪು ಕಾಲದ್ದಂತೆ.’ ಆ ‘ಅಂತೆ’ಯನ್ನು ಪರೀಕ್ಷೆಗೆ ಒಡ್ಡುವ ದಾರಿ ಎಷ್ಟು ಸುಲಭವೆಂದರೆ ನಂಬುವುದೇ ಕಷ್ಟ. ಗುಂಡಿನ ಹೊಟ್ಟೆಗೆ ದಾರ ಸುತ್ತಿ ಅಳೆಯಿರಿ. 32 ಸೆಂ.ಮೀ. ಬಂದರೆ ಅದರ ಅಡ್ಡಳತೆ ನಾಲ್ಕು ಅಂಗುಲ. ತರಕಾರಿ ತಕ್ಕಡಿಯಲ್ಲಿಟ್ಟಾಗ ಅದು ನಾಲ್ಕು ಕೆ.ಜಿ.ಗಿಂತ ಒಂದಿಷ್ಟು ಹೆಚ್ಚು ತೂಗಿದರೆ, ನಿಮ್ಮ ಮುಂದಿರುವುದು ಬ್ರಿಟಿಷ್ ಲೆಕ್ಕದ ಒಂಬತ್ತು ಪೌಂಡಿನ ಗುಂಡಿನ ಅಳತೆ!

ಆಗಿನ ಫಿರಂಗಿಗಳಿಗೆ ಹೆಸರು ಬರುತ್ತಿದ್ದದ್ದೇ ಗುಂಡಿನ ತೂಕದಿಂದ. ಆರು ಪೌಂಡರಿನ ಗುಂಡು ಸುಮಾರು 8.9 ಸೆಂ.ಮೀ. ಅಗಲ, 2.7 ಕೆ.ಜಿ. ತೂಕ. ಹನ್ನೆರಡು ಪೌಂಡರಿನದು 11.2 ಸೆಂ.ಮೀ., 5.4 ಕೆ.ಜಿ. ಕೋಟೆಗೋಡೆ ಒಡೆಯುವ ಹದಿನೆಂಟು ಪೌಂಡರಿನದು 12.8 ಸೆಂ.ಮೀ., ಎಂಟು ಕೆ.ಜಿ. ದಾಟುತ್ತದೆ. ಅಗಲ ನಾಲ್ಕು ಸೆಂಟಿಮೀಟರ್ ಹೆಚ್ಚಿದರೆ ತೂಕ ಮೂರು ಪಟ್ಟು! ಎರಕದ ಕಬ್ಬಿಣ ಗಾತ್ರಕ್ಕೆ ತಕ್ಕ ತೂಕವನ್ನು ಇಷ್ಟು ಖಚಿತವಾಗಿ ತೋರಿಸುವುದರಿಂದಲೇ ಅಗಲ ಮತ್ತು ತೂಕ ಎರಡೂ ಒಂದೇ ಉತ್ತರ ಕೊಟ್ಟಾಗ ಮೈ ಜುಮ್ಮೆನ್ನುತ್ತದೆ.

ಎರಡೂ ಒಂದೇ ಉತ್ತರ ಕೊಡದಿದ್ದರೆ? ಗಾತ್ರ ದೊಡ್ಡದು, ತೂಕ ಮಾತ್ರ ಕಡಿಮೆ ಎಂದಾದರೆ ತಕ್ಷಣ ಕೈ ಹಿಂದೆ ತೆಗೆಯಿರಿ. 14 ಸೆಂ.ಮೀ. ಅಗಲದ ಗಟ್ಟಿ ಗುಂಡು ಹತ್ತು ಕೆ.ಜಿ.ಗೂ ಮೀರಿ ತೂಗಬೇಕು. ಅದು ಏಳು ಕೆ.ಜಿ. ಆಸುಪಾಸಿನಲ್ಲೇ ನಿಂತರೆ ಒಳಗೆ ಟೊಳ್ಳಿದೆ ಎಂದರ್ಥ. ಆ ಟೊಳ್ಳಿನಲ್ಲಿ ಮದ್ದು ಇದ್ದೀತು. ಮೇಲೆ ಬತ್ತಿ ತೂರಿಸುವ ತೂತೋ, ಅದನ್ನು ಮುಚ್ಚಿದ ಬಿರಡೆಯೋ ಕಂಡರಂತೂ ತಕ್ಕಡಿಯವರೆಗೂ ಒಯ್ಯಬೇಡಿ. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ ಅಲ್ಲಿನ ಅಂತರ್ಯುದ್ಧದ ಕಾಲದ ಗುಂಡನ್ನು ಶುಚಿ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಪ್ರಾಣ ಕಳೆದುಕೊಂಡರು. ಸುಮಾರು 140 ವರ್ಷ ಸುಮ್ಮನಿದ್ದ ಮದ್ದು ಅದು! ನಮ್ಮಲ್ಲಿ ಆಯುಧಪೂಜೆಯ ದಿನ ಮನೆಯ ಕಬ್ಬಿಣಕ್ಕೆಲ್ಲ ಕುಂಕುಮ ಹಚ್ಚಿ ಕರ್ಪೂರ ಬೆಳಗುತ್ತೇವಲ್ಲ, ಅದನ್ನು ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. ತೂತಿರುವ ಗುಂಡನ್ನು ಉಜ್ಜಬಾರದು, ಕೊರೆಯಬಾರದು, ಬೆಂಕಿಯ ಬಳಿ ತರಬಾರದು. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು. ಬಾಂಬ್ ನಿಷ್ಕ್ರಿಯ ದಳ ನೋಡಿದ ಮೇಲೆಯೇ ಇತಿಹಾಸದ ಮಾತು.

ಗಟ್ಟಿ ಗುಂಡೇ ಆಗಿದ್ದರೆ ಭೂತಗನ್ನಡಿ ಹಿಡಿದು ಅದರ ಮೈ ಓದಿ. ಎರಡು ಅಚ್ಚು ಕೂಡಿಸಿ ಎರಕ ಹೊಯ್ದ ಗುಂಡಿನ ನಡುವಿಗೆ ಸಣ್ಣ ಏಣಿನ ಗೆರೆ ಇರುತ್ತದೆ. ಕರಗಿದ ಕಬ್ಬಿಣ ಸುರಿದ ಬಾಯಿಯನ್ನು ಕಡಿದ ಗುರುತೂ ಇರಬಹುದು. ಇವೆರಡೂ ಇಲ್ಲದೆ ಮೈಯೆಲ್ಲ ಸಣ್ಣ ಸಣ್ಣ ಚಪ್ಪಟೆ ಮುಖಗಳಿದ್ದರೆ ಇನ್ನೂ ರೋಮಾಂಚನ! ನಮ್ಮ ನಾಡಿನ ಹಳೆಯ ಕುಲುಮೆಗಳು ಕಬ್ಬಿಣವನ್ನು ನೀರಾಗಿಸಿ ಹರಿಸುವಷ್ಟು ಬಿಸಿ ಏರುತ್ತಿರಲಿಲ್ಲ. ಹಾಗಾಗಿ ಕಮ್ಮಾರರು ಕಾದ ಮುದ್ದೆಯನ್ನು ಬಡಿಬಡಿದೇ ಗುಂಡಗೆ ಮಾಡುತ್ತಿದ್ದರು. ಆ ಮುಖ ಒಂದೊಂದೂ ಹೆಸರಿಲ್ಲದ ಒಬ್ಬ ಕಮ್ಮಾರನ ಸುತ್ತಿಗೆಯ ಪೆಟ್ಟು. ನನ್ನನ್ನು ಕೇಳಿದರೆ ಇಡೀ ಗುಂಡಿನಲ್ಲಿ ಇದಕ್ಕಿಂತ ಅಮೂಲ್ಯವಾದದ್ದು ಬೇರೇನಿಲ್ಲ.

ಕಲ್ಲಿನ ಗುಂಡುಗಳೂ ಇವೆ. ಕಗ್ಗಲ್ಲನ್ನು ಚಾಣದಿಂದ ಕಡಿದ ಈ ಗುಂಡುಗಳ ತೂಕ ಅದೇ ಗಾತ್ರದ ಕಬ್ಬಿಣದ್ದಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ರುಬ್ಬುಗುಂಡು ಉದ್ದುದ್ದ ಇರುತ್ತದೆ, ಫಿರಂಗಿಯ ಗುಂಡು ಎಲ್ಲ ಕಡೆಯಿಂದಲೂ ದುಂಡು.

ಎಲ್ಲಕ್ಕಿಂತ ಸೋಜಿಗದ ಮೋಸವೊಂದಿದೆ. ಮಹಿಳೆಯರ ಗುಂಡು ಎಸೆತದ ಗುಂಡು ನಾಲ್ಕು ಕೆ.ಜಿ., ಅದರ ಅಡ್ಡಳತೆ 9.5ರಿಂದ 11 ಸೆಂ.ಮೀ. ಒಂಬತ್ತು ಪೌಂಡಿನ ಗುಂಡು 4.08 ಕೆ.ಜಿ., 10.16 ಸೆಂ.ಮೀ.! ನಡುವೆ ಇರುವುದು ಎಂಬತ್ತು ಗ್ರಾಂ ಅಂತರ. ತುಕ್ಕು ಒಂದಿಷ್ಟು ತಿಂದರೆ ಅದೂ ಇಲ್ಲ. ಕ್ರೀಡೆಯ ಗುಂಡನ್ನು ಲೇತಿನಲ್ಲಿ ನುಣುಪು ಮಾಡಿರುತ್ತಾರೆ, ತೂಕ ಸರಿದೂಗಿಸಲು ಸೀಸ ತುಂಬಿದ ಬಿರಡೆಯೂ ಇರಬಹುದು. ಸಿಮೆಂಟು ಮತ್ತು ಗಣಿ ಕಾರ್ಖಾನೆಗಳಲ್ಲಿ ಅದಿರು ಅರೆಯುವ ಉಕ್ಕಿನ ಗುಂಡುಗಳೂ ಹೀಗೆಯೇ ‘ಟಿಪ್ಪು ಗುಂಡು’ ಆಗಿಬಿಡಬಲ್ಲವು.

ಹಾಗಾದರೆ ನಿಜವಾದ ಗುಂಡು ದೇವನಹಳ್ಳಿ, ಹೊಸಕೋಟೆಯ ಸೀಮೆಗೆ ಬಂದದ್ದು ಎಲ್ಲಿಂದ? ಒಂದು ಕಡೆಯಿಂದಲೇ? 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಸೇನೆ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿತು. ಅಲ್ಲಿ ತೋರಿದ ಸಾಹಸಕ್ಕೆ ಹೈದರ್ ಎಂಬ ಸಿಪಾಯಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವ ಸಿಕ್ಕಿತು. ಒಂದು ರಾಜ್ಯದ ಭವಿಷ್ಯವೇ ಹೊರಳಿದ್ದು ಇಂದು ವಿಮಾನ ಇಳಿಯುವ ಈ ತಾಲ್ಲೂಕಿನಲ್ಲಿ! ಅವನ ಮಗ ಟಿಪ್ಪು ಹುಟ್ಟಿದ್ದೂ ಇದೇ ಊರಲ್ಲಿ. 1768ರ ಆಗಸ್ಟ್‌ನಲ್ಲಿ ಅದೇ ಹೈದರ್, ಹೊಸಕೋಟೆಯಲ್ಲಿ ಬ್ರಿಟಿಷರ ಜೊತೆ ಬೀಡುಬಿಟ್ಟಿದ್ದ ಮರಾಠ ಸರದಾರ ಮುರಾರಿರಾಯನ ಪಾಳೆಯದ ಮೇಲೆ ರಾತ್ರಿ ಎರಗಿದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ವಶವಾಯಿತು. ಅದೇ ವರ್ಷ ದೇವನಹಳ್ಳಿಯೂ ಬ್ರಿಟಿಷರ ಕೈ ಸೇರಿತು. ಅಕ್ಟೋಬರ್ 19ರಂದು, ಈ ತಾಲ್ಲೂಕುಗಳಿಂದ ಕಣ್ಣಿಗೇ ಕಾಣುವ ನಂದಿದುರ್ಗ ಬಿತ್ತು. ಗುಂಡು ಮೈಸೂರಿನದೋ ಮರಾಠರದೋ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯದೋ ಎಂಬುದನ್ನು ತೂಕವೊಂದೇ ಹೇಳದು. ಸಿಕ್ಕಿದ ಜಾಗವೂ ಬೇಕು.

ಹಳೆಯ ವಸ್ತು ತನ್ನ ಗುರುತನ್ನೇ ಬದಲಿಸಿಕೊಂಡು ಎದ್ದು ನಿಂತ ಘಟನೆಯೊಂದು ನಮ್ಮ ರಾಜ್ಯದಲ್ಲೇ ನಡೆದಿದೆ. ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಹಳೆಯ ಬಿದನೂರು. ಅಲ್ಲಿ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಲು ಫಿರಂಗಿಯ ಶೆಲ್ ಎಂದು ಭಾವಿಸಿದ್ದ ಅವು, ವರ್ಷಗಳ ನಂತರದ ಅಧ್ಯಯನದಲ್ಲಿ ಮೈಸೂರಿನ ರಾಕೆಟ್‌ಗಳೆಂದು ಗೊತ್ತಾಯಿತು! ಬ್ರಿಟನ್ನಿನ ಕಾಂಗ್ರೀವ್ ರಾಕೆಟ್ಟಿಗೆ ಸ್ಫೂರ್ತಿಯಾದ ರಾಕೆಟ್‌ಗಳು! 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯ ಸಹಾಯಕ ನಿರ್ದೇಶಕ ಆರ್. ಶೇಜೇಶ್ವರ ನಾಯಕ ಅವರ ತಂಡ ಅಲ್ಲಿನ ಬತ್ತಿದ ಬಾವಿಯೊಂದನ್ನು ಅಗೆಯಿತು. ಮಣ್ಣಿನಲ್ಲಿ ಇನ್ನೂ ಮದ್ದಿನ ವಾಸನೆಯಿತ್ತು. ಮೂರು ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಮೇಲೆ ಬಂದವು, 23ರಿಂದ 26 ಸೆಂ.ಮೀ. ಉದ್ದದವು. ಹಾಗಾಗಿ ನಿಮ್ಮ ಅಟ್ಟದ ವಸ್ತು ಗುಂಡಗಿರದೆ, ಒಂದು ತುದಿ ಮುಚ್ಚಿದ ಗಿಡ್ಡ ಕೊಳವೆಯಾಗಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಬಿಸಿಲಿಗೂ ಇಡಬೇಡಿ. ಅದರೊಳಗೂ ಮದ್ದಿರಬಹುದು.

ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅಮೆರಿಕದ ಮಗನ ಮನೆಯ ಷೋಕೇಸಿಗೆಂದು ಸೂಟ್‌ಕೇಸಿನಲ್ಲಿ ಒಯ್ಯುವಂತಿಲ್ಲ. ಹೊಲದಲ್ಲಿ ಹೊಸದಾಗಿ ಸಿಕ್ಕಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದಕ್ಕೆ ನಮ್ಮ ರಾಜ್ಯದ 1962ರ ನಿಧಿ ಕಾಯ್ದೆ ಇದೆ. ಗುರುತು ಹಿಡಿಯಲು ರಾಜ್ಯ ಪುರಾತತ್ವ ಇಲಾಖೆಗೆ ತೋರಿಸುವಾಗ ಗುಂಡಿನ ಜೊತೆ ಒಂದು ಚೀಟಿಯೂ ಇರಲಿ: ಸುತ್ತಳತೆ, ತೂಕ, ನಾಲ್ಕು ಬದಿಯ ಫೋಟೊ, ಯಾವ ಊರಿನ ಯಾವ ಹೊಲದಲ್ಲಿ ಅಥವಾ ಯಾವ ಕೆರೆಯ ಹೂಳಿನಲ್ಲಿ ಸಿಕ್ಕಿತು, ಆಗ ಇನ್ನೇನು ಸಿಕ್ಕಿತ್ತು. ಈ ಕೊನೆಯ ಎರಡು ಸಂಗತಿ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರಬಹುದು, ಆದ್ದರಿಂದ ಚೀಟಿ ಬರೆಯುವ ಕೆಲಸ ಇವತ್ತೇ ಆಗಲಿ.